ಜೊರೈಡಾಳ ಗೋಡೆ

ಎರಡನೆಯ ಸಲ ಬೂದು ಬಣ್ಣ ಬಳಿಯುತ್ತಿದ್ದಾಗ, ಗೋಡೆಯ ಚಿತ್ರದಲ್ಲಿ ತಂಗಿ ಜೊರೈಡಾಳ ಕೆನ್ನೆಯಿದ್ದ ಜಾಗ ಮಾತ್ರ ಬೆಚ್ಚಗಿರುವುದು ಕೈಗೆ ತಿಳಿಯಿತು. ಫಿಲಡೆಲ್ಫಿಯಾದ ನವೆಂಬರ್ ಬೆಳಗು. ಉಳಿದ ಗೋಡೆ ತಣ್ಣಗೆ ಕೊರೆಯುತ್ತಿತ್ತು.

ಗೋಡೆಬರಹ ಅಳಿಸುವುದೇ ನನ್ನ ಕೆಲಸ. ಸತ್ತವರ ನೆನಪಿಗೆ ಬರೆದ ಮುಖವನ್ನು ಸ್ಪ್ರೇ ಡಬ್ಬಿ ಹಿಡಿದವರೂ ಮುಟ್ಟುವುದಿಲ್ಲ, ನಾವೂ ಮುಟ್ಟುವುದಿಲ್ಲ. ಆದರೆ ಈ ಕಟ್ಟಡ ಕೊಂಡವನಿಗೆ ಖಾಲಿ ಗೋಡೆ ಬೇಕಿತ್ತು. ಇಪ್ಪತ್ತಕ್ಕೇ ತೀರಿಹೋದ ತಂಗಿಯನ್ನು ಪರರು ಅಳಿಸುವುದು ಬೇಡವೆಂದು ನಾನೇ ಒಪ್ಪಿಕೊಂಡಿದ್ದೆ.

"ಏನೇ ಇವೆಲಿಸ್, ಆ ಗೋಡೇನ ಮ್ಯೂಸಿಯಂಗೆ ಕಳಿಸ್ಬೇಕಾ? ಬೇಗ ಮುಗ್ಸೇ!" ವ್ಯಾನಿನೊಳಗಿಂದ ಜೊತೆಗಾತಿ ಟಮೀಕಾ ಕೂಗಿದಳು.

"ಬಣ್ಣ ಹೀರ್ಕೊತಿದೆ ಕಣೇ, ಸುಮ್ನಿರು."

ಬೂದು ಬಣ್ಣದೊಳಗಿಂದ ಮುಖ ಮತ್ತೆ ಮೇಲೆದ್ದಿತ್ತು. ಮೊದಲಿನ ಮುಖವಲ್ಲ. ಬಾಯಿಯ ಪಕ್ಕ ಗೆರೆ ಬಿದ್ದಿತ್ತು, ಕಿವಿಯ ಬಳಿ ಕೂದಲು ನರೆತಿತ್ತು. ಬದುಕಿದ್ದರೆ ಅವಳಿಗೀಗ ನಲವತ್ತಾರು. ಅವಳೂ ನನ್ನಷ್ಟೇ ದಣಿದಂತಿದ್ದಳು.

"ಮುಗೀತೇನೇ?"

"ಮುಗೀತು."

ಕೆಲಸ ಹೋದರೆ ಹೋಗಲಿ, ಮೂರನೆಯ ಸಲ ಬಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ನಿರ್ಧರಿಸಿ, ಡಬ್ಬಿಯ ಮುಚ್ಚಳ ಬಿಗಿದೆ.