ಹೆಗಲು ಉದ್ದವಾದ ತೋಟಾಗಳು

ಭಾನುವಾರ ಸೂರ್ಯ ಮುಳುಗುವುದರೊಳಗೆ ಎಲ್ಕ್ ಎಂಬ ದೊಡ್ಡ ಜಿಂಕೆಯೊಂದನ್ನು ಹೊಡೆಯಬೇಕು. ಆಗದಿದ್ದರೆ ಬಂದೂಕನ್ನು ಮತ್ತೆ ಮುಟ್ಟುವುದಿಲ್ಲ. ಹೀಗೆಂದು ಹಟ ತೊಟ್ಟೇ ಹಾಲ್ವರ್ ಅಮೆರಿಕದ ಮಾಂಟಾನಾದ ಬೆಟ್ಟ ಹತ್ತಿದ್ದ. ಆ ಕಣಿವೆಯ ಬೇಟೆ ಪರವಾನಗಿ ಚೀಟಿ ಲಾಟರಿಯಲ್ಲಿ ಅವನ ಹೆಸರಿಗೆ ಬರಲು ಹನ್ನೊಂದು ವರ್ಷ ಬೇಕಾಯಿತು. ಅವನಿಗೀಗ ಅರವತ್ತೆರಡು. ಅಪ್ಪನಿಗೆ ಬುದ್ಧಿ ಕೈಕೊಟ್ಟದ್ದೂ ಅದೇ ವಯಸ್ಸಿಗೆ. ತನಗೂ ಹಾಗೇ ಆಗುತ್ತಿದೆಯೇನೋ ಎಂಬ ಹೆದರಿಕೆ ಅವನೊಳಗಿತ್ತು. ಜೊತೆಗೆ ತಂಗಿ ಐಡೆಲ್ಲಾ, ಹೊರೆ ಹೊರುವ ಹೇಸರಗತ್ತೆಗಳ ಒಡೆಯ ಕ್ಲೀಟಸ್.

ಮೂರು ದಿನ ಪೈನ್ ಕಾಡು, ಜಾರುಕಲ್ಲು, ಮೊಣಕಾಲುದ್ದ ಹಿಮ. ಶನಿವಾರ ಬೆಳಿಗ್ಗೆ ಇನ್ನೂರು ಹೆಜ್ಜೆ ದೂರದಲ್ಲಿ, ಕೊಂಬು ಹೊತ್ತ ದೊಡ್ಡ ಗಂಡು ಎಲ್ಕ್ ನಿಂತಿತ್ತು.

ತೋಟಾವನ್ನು ಒಳಗೆ ಕೂರಿಸಲು ಹಾಲ್ವರ್ ಬಂದೂಕಿನ ಬೋಲ್ಟ್ ತಳ್ಳಿದ. ಮುಚ್ಚಲಿಲ್ಲ.

ಮತ್ತೆ ತಳ್ಳಿದ. ಅರ್ಧಕ್ಕೆ ನಿಂತಿತು. ಎಲ್ಕ್ ತಲೆಯೆತ್ತಿತು. ಓಡಿತು.

"ಒತ್ತಬೇಡ ಮಾರಾಯ, ಒಳಗೇ ಕಚ್ಕೊಂಡ್ರೆ ದೊಣ್ಣೆ ಹಿಡ್ಕೊಂಡು ಬೇಟೆ ಆಡ್ಬೇಕಾಗುತ್ತೆ," ಅಂದ ಕ್ಲೀಟಸ್.

ಎರಡನೆಯ ತೋಟಾವೂ ಹೋಗಲಿಲ್ಲ. ಮೂರನೆಯದು ಬೆಣ್ಣೆಯಂತೆ ಹೋಯಿತು! ನಾಲ್ಕನೆಯದು ಮತ್ತೆ ಇಲ್ಲ. ಒಂದೇ ಪೆಟ್ಟಿಗೆ, ಒಂದೇ ಮದ್ದು, ಹಾರಿದ ತೋಟಾಗಳ ಹಿತ್ತಾಳೆ ಕೇಸುಗಳಿಗೆ ತಾನೇ ಕೂತು ಮತ್ತೆ ತುಂಬಿದ್ದು. ಹಾಲ್ವರನಿಗೆ ತಲೆಬುಡ ತಿಳಿಯಲಿಲ್ಲ. ಬೋಲ್ಟ್ ಒರೆಸಿದ, ನಳಿಗೆ ಊದಿದ, ಹಿಮವನ್ನು ಬೈದ. ಕೊನೆಗೆ ಕಲ್ಲಿನ ಮೇಲೆ ಕುಸಿದು ಕೂತ.

"ನಾನೇನೋ ಮಾಡಿದೀನಿ. ಏನು ಅಂತ ನೆನಪೇ ಆಗ್ತಿಲ್ಲ."

ಐಡೆಲ್ಲಾ ಮೇಣದಬತ್ತಿ ಹಚ್ಚಿ, ಪೆಟ್ಟಿಗೆಯಲ್ಲಿ ಮದ್ದು ತುಂಬದೆ ಉಳಿದಿದ್ದ ಒಂದು ಹಿತ್ತಾಳೆ ಕೇಸಿಗೆ ಮಸಿ ಹಿಡಿಸಿ ಬಂದೂಕಿಗೆ ತೂರಿಸಿ ತೆಗೆದಳು. ಕೇಸಿನ ಕತ್ತಿನ ಕೆಳಗಿನ ಇಳಿಜಾರಿನಲ್ಲಿ, ಅಂದರೆ ಹೆಗಲಲ್ಲಿ, ಒಳಗೋಡೆಗೆ ತಾಗಿ ಮಸಿ ಅಳಿಸಿಹೋಗಿತ್ತು.

"ಅಚ್ಚನ್ನ ಯಾವ ಕೇಸಿಟ್ಟು ಹೊಂದಿಸಿದೆ?"

"ಡಬ್ಬಿಲಿ ಮೇಲಿದ್ದಿದ್ದು."

"ನಮ್ಮಿಬ್ಬರ ಖಾಲಿ ಕೇಸೂ ಒಂದೇ ಕಾಫಿ ಡಬ್ಬಿಗೆ ಬೀಳುತ್ತಲ್ಲೋ! ಅದು ನನ್ನ ಬಂದೂಕಲ್ಲಿ ಹಾರಿದ್ದು."

ಹಾರಿದ ಕೇಸು ತನ್ನ ಬಂದೂಕಿನ ಒಳಗಿನಷ್ಟಕ್ಕೆ ಉಬ್ಬುತ್ತದೆ. ಮತ್ತೆ ತುಂಬುವಾಗ, ಹಾರಿಸಲಿರುವ ಬಂದೂಕಿಗೆ ಹೊಂದುವಂತೆ ಅಚ್ಚಿನಲ್ಲಿ ಒತ್ತಿ ಅದರ ಹೆಗಲನ್ನು ಕೂದಲೆಳೆಯಷ್ಟು ಹಿಂದೆ ತಳ್ಳಬೇಕು. ಬಂದೂಕಿನೊಳಗೆ ಕೇಸಿನ ಬುಡದಿಂದ ಹೆಗಲು ತಾಗುವವರೆಗಿನ ಅಳತೆಗೇ ಹೆಡ್‌ಸ್ಪೇಸ್ ಅನ್ನುವುದು. ಐಡೆಲ್ಲಾಳ ಬಂದೂಕಿನ ಒಳಗು ತುಸು ಉದ್ದ. ಅವಳ ಕೇಸಿಗೆ ಹೊಂದಿಸಿದ ಅಚ್ಚು ಅಣ್ಣನ ಬಂದೂಕಿಗೆ ಹೇಗೆ ಒಗ್ಗೀತು?

"ನಿನ್ನ ಬಂದೂಕು ತಂದಿದ್ರೆ..."

"ಚೀಟಿ ನಿಂದು, ಹೊರೆ ನನಗ್ಯಾಕೆ?"

ನಳಿಗೆಯನ್ನು ಗುಡ್ಡಕ್ಕೆ ತಿರುಗಿಸಿಟ್ಟು ಹಾಲ್ವರ್ ಇದ್ದ ಇಪ್ಪತ್ತನ್ನೂ ಮೆಲ್ಲಗೆ ತೂರಿಸಿ ನೋಡಿದ. ಒಗ್ಗಿದ್ದು ಅವನದೇ ಬಂದೂಕಲ್ಲಿ ಹಾರಿದ್ದ ಮೂರೇ ಮೂರು.

ಭಾನುವಾರ ಸಂಜೆ ನಾಲ್ಕು. ಹಳ್ಳದಾಚೆ ಅದೇ ಗಂಡು.

ಮೊದಲನೆಯದು ಗುರಿ ತಪ್ಪಿತು. ಎಲ್ಕ್ ಎರಡು ನೆಗೆತ ನೆಗೆದು ಗೊಂದಲದಲ್ಲಿ ನಿಂತಿತು. ಹಾಲ್ವರ್ ಉಸಿರು ಬಿಟ್ಟ. ಎರಡನೆಯದಕ್ಕೆ ಅದು ಮಂಡಿಯೂರಿ ಉರುಳಿತು. ಅವನು ಬೋಲ್ಟ್ ಎಳೆದು, ಖಾಲಿ ಕೇಸನ್ನು ಜೇಬಿಗೆ ಹಾಕಿಕೊಂಡ. ಕೊಂಬಿಗೆ ಚೀಟಿ ಕಟ್ಟಿದವಳು ಐಡೆಲ್ಲಾ.

ಮಾಂಸ ಹೊತ್ತು ಇಳಿಯಲು ಎರಡು ದಿನ ಹಿಡಿಯಿತು. ಹಿಮ ಕರಗಿದ ಹಳ್ಳದಲ್ಲಿ ಹೇಸರಗತ್ತೆ ಜಾರಿತು, ಕ್ಲೀಟಸ್ ಸೊಂಟದವರೆಗೆ ನೆನೆದು ಮೂವರ ಪಾಲಿನ ಬೈಗುಳವನ್ನೂ ತಾನೊಬ್ಬನೇ ಬೈದ. ಕೊನೆಯ ಇಳಿಜಾರಿನಲ್ಲಿ ಹಾಲ್ವರ್ ಕೇಳಿಯೇಬಿಟ್ಟ.

"ಐಡಾ, ನಂಗೂ ಅಪ್ಪನ ಹಾಗೆ ಆಗ್ತಿದ್ಯಾ?"

"ಅಪ್ಪ ತಪ್ಪು ತೋರಿಸಿದೋರ ಮೇಲೆ ಬಂದೂಕೇ ಎಸೀತಿದ್ದ. ನೀನು ಕೂತು ಒಂದೊಂದೇ ನೋಡ್ದೆ."

"ಹಾಗಾದ್ರೆ?"

"ಹಾಗಾದ್ರೆ ನೀನು ಬರೀ ಸೋಮಾರಿ. ಅಷ್ಟೇ."

ಹಾಲ್ವರ್ ಮುಖ ಮೇಲೆತ್ತಿ ನಕ್ಕ. ಬೈಸಿಕೊಂಡು ಅಷ್ಟು ಹಗುರಾದ ಮನುಷ್ಯನನ್ನು ಕ್ಲೀಟಸ್ ಅಂತೂ ಕಂಡಿರಲಿಲ್ಲ.