ತೊಳೆದರೂ ಹೋಗದ ಕಲೆ

ಪಿಟೀಲು ಮಾಡುವ ಮೇಷ್ಟ್ರು ತಮ್ಮ ಕಾರ್ಯಾಗಾರದಲ್ಲಿ ಬೋರಲಾಗಿ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ರಾತ್ರಿಯೆಲ್ಲ ಅಲ್ಲೇ ಕೆಲಸ ಮಾಡುವುದು ಅವರ ರೂಢಿ, ಹಾಗಾಗಿ ಮನೆಯವರು ಹುಡುಕಿರಲಿಲ್ಲ.

ಬೆಳಿಗ್ಗೆ ಮೊದಲು ನೋಡಿದವನು ಅವರ ಹೆಂಡತಿಯ ತಮ್ಮ, ವಾದ್ಯಗಳ ವ್ಯಾಪಾರಿ. "ನಿನ್ನೆ ಈ ಕಡೆ ಬಂದೇ ಇಲ್ಲ ಮೇಡಂ. ಈಗ ಮುಂಬಾಗಿಲಲ್ಲೇ ನಿಂತು ನೋಡಿ ಫೋನ್ ಮಾಡಿದೆ," ಎಂದು ಇನ್‌ಸ್ಪೆಕ್ಟರ್‌ಗೆ ಹೇಳಿದ.

ಮೇಷ್ಟ್ರನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಕಾನ್‌ಸ್ಟೆಬಲ್ ಇನ್‌ಸ್ಪೆಕ್ಟರ್ ಹತ್ತಿರ ಬಂದು ಪಿಸುಗುಟ್ಟಿದ: "ಮಗನದೇ ಕೆಲಸ ಮೇಡಂ. ನಿನ್ನೆ ಸಂಜೆ ಅಪ್ಪ ಮಗ ಕೂಗಾಡಿದ್ದು ಬೀದಿಗೆಲ್ಲ ಕೇಳ್ಸಿದೆ."

ಇನ್‌ಸ್ಪೆಕ್ಟರ್ ಗಮನವೆಲ್ಲ ಮೇಷ್ಟ್ರ ಹೆಂಡತಿಯ ಮೇಲಿತ್ತು. ಯಾರು ಹೊಡೆದರು, ಯಾಕೆ ಹೊಡೆದರು, ಊಹೂಂ, ಆಕೆ ಒಂದು ಮಾತೂ ಕೇಳಲಿಲ್ಲ. ಒರೆಸಿದ ಮೇಜನ್ನೇ ಒರೆಸುತ್ತಿದ್ದಳು.

ಹಿತ್ತಿಲ ಹಗ್ಗದ ಮೇಲೆ ಒದ್ದೆ ಅಂಗಿ. ತೋಳಿನಲ್ಲಿ ಕೆಂಪು ಕಲೆ.

"ಯಾರದಮ್ಮ ಇದು?"

"ಮಗಂದು."

"ಏನು ಕಲೆ?"

"ನೋಡ್ಲಿಲ್ಲ."

"ಒಗೆದೋರು ನೀವೇ ತಾನೆ?"

ಆಕೆ ಅಂಗಿಯ ತುದಿ ಹಿಡಿದುಕೊಂಡಳು. "ಕಣ್ಣು ಮುಚ್ಕೊಂಡು ಒಗೆದೆ ತಾಯಿ. ಗೊತ್ತಾಗದೆ ಇದ್ರೆ ಅವನು ನನ್ನ ಮಗನಾಗೇ ಉಳೀತಾನೆ ಅನ್ಕೊಂಡೆ."

ಇನ್‌ಸ್ಪೆಕ್ಟರ್ ಅಂಗಿಯನ್ನು ಮೂಸಿ ನೋಡಿದರು. ಮುಖ ಅರಳಿತು.

*

ಅನುಮಾನದ ಮೇಲೆ ಕರೆತಂದಿದ್ದ ಮಗ ಠಾಣೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದ.

"ಜಗಳ ಆಯ್ತು, ನಿಜ. ಆಮೇಲೆ ಹೊಸ ಪಿಟೀಲಿಗೆ ಕೆಂಪು ವಾರ್ನಿಷ್ ಬಳಿದು, ಒಣಗ್ಲಿ ಅಂತ ಹಿಂಬಾಗಿಲ ಓಣೀಲಿ ನೇತುಹಾಕಿ ವಾದ್ಯವೃಂದದ ತಾಲೀಮಿಗೆ ಹೋದೆ. ಹೊರಡುವಾಗ ಅಪ್ಪ ತಂತಿ ಬಿಗೀತಾ ಇದ್ರು."

ವಾದ್ಯವೃಂದದವರು ಹೌದೆಂದರು. ಮೇಷ್ಟ್ರು ತಂತಿ ಮೀಟುವ ಸದ್ದನ್ನು ಅವನು ಹೋದ ಮೇಲೂ ಎದುರುಮನೆಯವಳು ಕೇಳಿದ್ದಳು.

*

ಇನ್‌ಸ್ಪೆಕ್ಟರ್ ಕಾರ್ಯಾಗಾರಕ್ಕೆ ಮರಳಿದರು. ಇಕ್ಕಟ್ಟಾದ ಓಣಿಯಲ್ಲಿ ಪಿಟೀಲು ತೂಗುತ್ತಿತ್ತು. ಒಂದು ಮಗ್ಗುಲ ವಾರ್ನಿಷ್ ಉಜ್ಜಿಹೋಗಿತ್ತು.

ಅಷ್ಟರಲ್ಲಿ ವ್ಯಾಪಾರಿ ಬಂದ. "ಭಾವಂಗೆ ಪ್ರಜ್ಞೆ ಬಂತಾ? ಏನಾದ್ರೂ ಹೇಳಿದ್ರಾ?"

"ಚಳಿಗೆ ಹಲ್ಲು ಕಟಕಟ ಅಂತಿದೆ ನಿಮಗೆ. ಕೋಟು ಯಾಕೆ ಕೈಮೇಲಿದೆ?"

"ಅಭ್ಯಾಸ..."

ಇನ್‌ಸ್ಪೆಕ್ಟರ್ ಕೋಟನ್ನು ಎಳೆದು ಬಿಡಿಸಿದರು. ಭುಜದ ಮೇಲೆ ಉದ್ದಕ್ಕೆ ಕೆಂಪು ಗೀರು.

"ಹಸಿ ವಾರ್ನಿಷ್. ಹುಡುಗ ಈ ಪಿಟೀಲನ್ನ ನೇತುಹಾಕಿದ್ದು ನಿನ್ನೆ ಸಂಜೆ. ಆಮೇಲೆ ಹಿಂಬಾಗಿಲಿಂದ ನುಗ್ಗಿದೋನ ಭುಜ ಇದಕ್ಕೆ ಉಜ್ಜಿದೆ. ರಾತ್ರಿ ಕಳೆದ್ರೆ ವಾರ್ನಿಷ್ ಒಣಗಿ ಅಂಟಲ್ಲ. ನಿನ್ನೆ ಬಂದೇ ಇಲ್ಲ ಅಂದ್ರಲ್ಲ?"

ವ್ಯಾಪಾರಿ ಎಲ್ಲ ಕಕ್ಕಿದ. ಗಿರಾಕಿಯೊಬ್ಬರು ರಿಪೇರಿಗೆ ಕೊಟ್ಟ ಹಳೆಯ ಪಿಟೀಲನ್ನು ಕದ್ದು, ಅದರ ಜಾಗದಲ್ಲಿ ನಕಲಿ ಇಟ್ಟಿದ್ದ. ತಂತಿ ಮೀಟಿದ ಕೂಡಲೇ ಮೇಷ್ಟ್ರಿಗೆ ಮೋಸ ತಿಳಿದು, ಅವನನ್ನು ಕರೆಸಿದ್ದರು. ಪೊಲೀಸರಿಗೆ ಹೇಳುತ್ತೇನೆ ಎಂದು ಅವರು ತಿರುಗಿದಾಗ ಸುತ್ತಿಗೆ ಬೀಸಿದ್ದ.

*

ವಿಷಯ ತಿಳಿದು ಮೇಷ್ಟ್ರ ಹೆಂಡತಿ ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಒಡಹುಟ್ಟಿದೋನು..." ಎಂದಳು.

"ಹೌದಮ್ಮ. ಆದ್ರೆ ನೀವು ನೋಡೋಕೆ ಹೆದರಿದ ಆ ಕಲೇನೇ ನಿಮ್ಮ ಮಗನ್ನ ಉಳಿಸ್ತು. ರಕ್ತ ಆಗಿದ್ರೆ ತಣ್ಣೀರಿಗೇ ಬಿಡ್ತಿತ್ತು. ಮೂಸಿ ನೋಡಿದ್ರೆ ವಾರ್ನಿಷ್ ಅಂತ ನಿಮಗೇ ಗೊತ್ತಾಗ್ತಿತ್ತು."

ಆಸ್ಪತ್ರೆಯಿಂದ ಫೋನ್ ಬಂತು. ಮೇಷ್ಟ್ರು ಕಣ್ಣು ಬಿಟ್ಟಿದ್ದರು.

ಆಕೆ ಬರಿಗಾಲಲ್ಲೇ ಠಾಣೆಗೆ ಓಡಿದಳು. ಬಿಡುಗಡೆಯಾಗಿ ಹೊರಬಂದ ಮಗನನ್ನು ಎರಡೂ ಕೈಯಿಂದ ಬಾಚಿ ತಬ್ಬಿದಳು.

"ನಡಿ, ಅಪ್ಪ ಎದ್ದಿದಾರೆ. ನಿಮ್ಮಿಬ್ಬರಿಗೂ ಯಾಕೋ ಜಗಳ? ದಾರೀಲಿ ಎಲ್ಲ ಹೇಳು. ಒಂದನ್ನೂ ಮುಚ್ಚಿಡಬೇಡ!"