ನೆಲಗಿವಿ ಕೇಳಿದ ಹೆಜ್ಜೆ

2059ರ ಕಾರ್ತಿಕದ ಒಂದು ಬೆಳಿಗ್ಗೆ. ಭೂತಾನಕ್ಕೂ ಅಸ್ಸಾಮಿಗೂ ನಡುವೆ ಗಡಿಯಾಗಿ ಹರಿಯುವ ನದಿಯ ಈಚೆ ದಂಡೆಯ ಶಿಬಿರದಲ್ಲಿ, ಡಾ. ವಾರಿಜಾಕ್ಷಿಯ ಪರದೆಯ ಮೇಲಿನ ಹಸಿರು ಗೆರೆಯೊಂದು ಮತ್ತೆ ನದಿ ದಾಟಿತು. ಆ ತಿಂಗಳಲ್ಲಿ ಅದು ಮೂವತ್ತೊಂದನೆಯ ಸಲ.

ವಾರಿಜಾಕ್ಷಿ ಮೈಸೂರಿನವಳು. ನೆಲಗಿವಿ ಆಕೆ ಕಟ್ಟಿದ ಯಂತ್ರ. ಎರಡೂ ದಡಗಳ ಕಾಡಿನಲ್ಲೂ ನದಿ ನಡುವಿನ ಮರಳುದಿಬ್ಬದಲ್ಲೂ ಹೂತಿಟ್ಟ ಬೆರಳುಗಾತ್ರದ ಕಡ್ಡಿಗಳು, ಆನೆ ಕಾಲಿಟ್ಟಾಗ ಮಣ್ಣಿನಲ್ಲಿ ಏಳುವ ಕಂಪನವನ್ನು ಹಿಡಿಯುತ್ತವೆ. ಒಂದು ಆನೆಯ ನಡಿಗೆ ಇನ್ನೊಂದಕ್ಕಿಲ್ಲ. ಹಾಗಾಗಿ ಹೋಗುತ್ತಿರುವುದು ಯಾವ ಆನೆ, ಅದರ ಭಾರವೆಷ್ಟು ಎಂಬುದೆಲ್ಲ ತಿಳಿಯುತ್ತದೆ. ಆ ಹಸಿರು ಗೆರೆ ಒಂದು ಹೆಣ್ಣಾನೆಯ ಜಾಡು. ಗಡಿ ಮಾತ್ರ ನೆಲಗಿವಿಗೆ ಕೇಳಿಸುವುದಿಲ್ಲ.

"ಅಮ್ಮಾವ್ರೇ, ಇವ್ಳ ಭಾರ ಏರ್ತಾನೇ ಅದೆ. ಬಸುರಿ ಇವ್ಳು," ಎಂದ ಮಾಸ್ತಿ. ನಾಗರಹೊಳೆಯಿಂದ ಎರಡು ಸಾಕಾನೆಗಳ ಜೊತೆ ಬಂದಿದ್ದ ಹಳೆಯ ಮಾವುತ ಅವನು. "ದಿನ ತುಂಬ್ತಾ ಬಂದದೆ. ಹಿಂಗೆ ಓಡಾಡ್ಸಿದ್ರೆ ಮರಿ ಉಳಿಯಕಿಲ್ಲ."

"ಓಡಾಡಿಸ್ತಿರೋದು ಯಾರು ಮಾಸ್ತಣ್ಣ?"

ಮಾಸ್ತಿ ತಲೆ ಕೆರೆದುಕೊಂಡ. "ನಾವೇಯ."

ಆ ಆನೆ ಬತ್ತದ ಗದ್ದೆಗೆ ಬಂದರೆ ಈ ಕಡೆಯ ಕಾವಲುಗಾರರು ಪಟಾಕಿ ಸಿಡಿಸಿ ಉತ್ತರಕ್ಕೆ ಅಟ್ಟುತ್ತಿದ್ದರು. ಕಿತ್ತಳೆ ತೋಟಕ್ಕೆ ನುಗ್ಗಿದರೆ ಭೂತಾನದವರು ತಗಡು ಬಡಿದು ದಕ್ಷಿಣಕ್ಕೆ ಓಡಿಸುತ್ತಿದ್ದರು. ಗಣತಿಯ ದಿನ ಮಾತ್ರ ಇಬ್ಬರೂ ಅವಳನ್ನು ತಮ್ಮವಳೆಂದೇ ಬರೆದುಕೊಂಡಿದ್ದರು! ಬೆಳೆ ತಿಂದರೆ ನಿಮ್ಮ ಆನೆ, ಲೆಕ್ಕಕ್ಕೆ ಸಿಕ್ಕರೆ ನಮ್ಮ ಆನೆ. ಈ ಜಾಣತನದಲ್ಲಿ ಯಾವ ದೇಶವೂ ಹಿಂದೆ ಬಿದ್ದಿರಲಿಲ್ಲ.

ವಾರಿಜಾಕ್ಷಿ ಆಚೆ ದಡದ ಅರಣ್ಯಾಧಿಕಾರಿ ಕಿನ್ಲೆಗೆ ಫೋನ್ ಮಾಡಿ, ಆ ಗೆರೆಯನ್ನು ಅವನ ಪರದೆಗೂ ಕಳಿಸಿದಳು. ಗೆರೆ ನದಿ ದಾಟಿದ್ದನ್ನು ಅವನು ಒಂದೊಂದಾಗಿ ಎಣಿಸಿದ. ಕೊನೆಗೆ ಹಿಂದಿಯಲ್ಲಿ, "ಮೇಡಂ, ಇವಳು ನಿಮ್ಮವಳು ಅಂದ್ಕೊಂಡಿದ್ವಿ," ಎಂದ.

"ನಾವೂ ಅಷ್ಟೆ."

ಅಂದೇ ಎರಡೂ ಕಡೆ ಪಟಾಕಿ, ತಗಡುಗಳು ಮೂಲೆ ಸೇರಿದವು. ಸಾಕಾನೆ ಗಡಿ ದಾಟಲು ಕಿನ್ಲೆ ಪರವಾನಗಿ ತಂದ. ಮಾಸ್ತಿ ಒಂದು ಸಾಕಾನೆಯನ್ನು ಗದ್ದೆಯ ಅಂಚಿಗೂ ಇನ್ನೊಂದನ್ನು ನದಿ ದಾಟಿಸಿ ಕಿತ್ತಳೆ ತೋಟದ ಅಂಚಿಗೂ ನಿಲ್ಲಿಸಿದ. ಗದ್ದಲವಿಲ್ಲದೆ ಕಾವಲಾಯಿತು. ನಡುವಿನ ಮರಳುದಿಬ್ಬದ ಕಡೆಗೆ ಯಾರೂ ಸುಳಿಯಲಿಲ್ಲ.

ಹನ್ನೊಂದನೆಯ ದಿನ ಗೆರೆ ಆ ದಿಬ್ಬದ ಮೇಲೆ ನಿಂತುಬಿಟ್ಟಿತು. ಮೂರು ಗಂಟೆ ಕಾಲ ಒಂದು ಹೆಜ್ಜೆಯೂ ಇಲ್ಲ. ಆಮೇಲೆ ಪಕ್ಕದಲ್ಲೇ ನೂಲಿನಷ್ಟು ಸಣ್ಣ ಹೊಸ ಗೆರೆಯೊಂದು ಮೂಡಿತು. ನಾಲ್ಕು ಹೆಜ್ಜೆ, ನಿಂತಿತು, ಮತ್ತೆ ಎರಡು ಹೆಜ್ಜೆ. ಮಾಸ್ತಿ ಅಳುತ್ತಲೇ ನಕ್ಕ.

ಫೋನ್ ರಿಂಗಾಯಿತು. "ಮರಿ ಯಾರ ಗಣತಿಗೆ ಮೇಡಂ?" ಕಿನ್ಲೆಯ ದನಿಯಲ್ಲೂ ನಗು.

"ಇನ್ಮೇಲೆ ಗಣತಿ ಪುಸ್ತಕವೇ ಒಂದು ಮಾಡೋಣ."

ಮಾಸ್ತಿ ಕಣ್ಣೊರೆಸಿಕೊಂಡು ಕೇಳಿದ: "ಅಲ್ಲಾ ಅಮ್ಮಾವ್ರೇ, ಈ ನೆಲಗಿವಿ ಬರಕ್ಕೆ ಮುಂಚೆ ಅವ್ರ ತಾವ ಫೋನ್ ಇರ್ಲಿಲ್ವಾ?"

"ಇತ್ತು ಮಾಸ್ತಣ್ಣ. ನಮ್ಮ ಹತ್ರಾನೂ ಇತ್ತು. ನಮ್ಮಪ್ಪನ ಕಾಲದಿಂದಲೇ ಇತ್ತು. ಯಾರೂ ಮಾಡಿರಲಿಲ್ಲ, ಅಷ್ಟೆ."